ಗುಮ್ಮನನ್ನು ಮಗುವಿನ ಕೈಗೆ ಕೊಡಿ!

ಅಕ್ಟೋಬರ್ 31ರ ಹ್ಯಾಲೋವೀನ್ ಅಮೆರಿಕದ ಮಕ್ಕಳಿಗೆ ದೆವ್ವದ ವೇಷ ಹಾಕುವ ಹಬ್ಬ. ಆ ದಿನಗಳಲ್ಲಿ ಅಲ್ಲಿ ಪುಟಾಣಿಗಳಿಗೆ ಓದಿಹೇಳುವ ಪುಸ್ತಕಗಳಲ್ಲೊಂದು, ಎಡ್ ಎಂಬರ್ಲಿ 1992ರಲ್ಲಿ ಮಾಡಿದ 'ಗೋ ಅವೇ, ಬಿಗ್ ಗ್ರೀನ್ ಮಾನ್‌ಸ್ಟರ್!'. ಹಾಲುಹಲ್ಲಿನ ಮಕ್ಕಳಿಗೆ ಭೂತದ ಪುಸ್ತಕವೇ ಎಂದು ಮೂಗು ಮುರಿಯಬೇಡಿ. ಪುಟ ತಿರುಗಿಸಿ ನೋಡಿ.

ಪ್ರೆಸ್ಸಿನವನಾಗಿ ಹೇಳುತ್ತೇನೆ, ಇಲ್ಲಿ ಕಥೆ ಹೇಳುವುದು ಕತ್ತರಿಸಿದ ಕಾಗದ. ಕಪ್ಪು ಪುಟದಲ್ಲಿ ಡೈ ಕಟಿಂಗ್ ಮಾಡಿದ ತೂತು, ಅದರೊಳಗೆ ಎರಡು ಹಳದಿ ಕಣ್ಣು. ಪುಟ ಮಗುಚಿದಂತೆಲ್ಲ ಮೂಗು, ಕೆಂಪು ಬಾಯಿ, ಬಿಳಿ ಹಲ್ಲು, ಕಿವಿ, ಕೂದಲು, ಹಸಿರು ಮುಖ. ಭೂತ ತಯಾರು! ಡೈ ಕೂದಲೆಳೆಯಷ್ಟು ಜರುಗಿದರೂ ಆಟ ಕೆಟ್ಟಿತು. ಆಮೇಲೆ ಮಗು 'ಹೋಗು' ಎನ್ನುತ್ತದೆ. ಒಂದೊಂದೇ ಅಂಗ ಮಾಯ. ಉಳಿಯುವುದು ಬರೀ ಕಪ್ಪು ಹಾಳೆ.

ನಮ್ಮ ಮನೆಗಳಲ್ಲಿ ನಡೆಯುವುದೇನು? ಊಟ ಬೇಡವೆಂದರೆ ಗುಮ್ಮ, ನಿದ್ದೆ ಬಾರದಿದ್ದರೆ ಗುಮ್ಮ. ಗುಮ್ಮನನ್ನು ಕರೆಯುವ ಅಧಿಕಾರ ದೊಡ್ಡವರದು, ನಡುಗುವ ಪಾಡು ಮಗುವಿನದು! ಎಂಬರ್ಲಿ ಆ ಅಧಿಕಾರವನ್ನು ಮಗುವಿಗೇ ಕೊಟ್ಟರು.

ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಸಾಗಹಾಕಿದ ಜನ ನಾವು. ಕನ್ನಡ ಓದಬಲ್ಲ ದೆವ್ವ! ಆದರೆ ನಾವು ಕೇಳಿದ್ದು ಒಂದು ದಿನದ ವಾಯಿದೆ ಮಾತ್ರ. ಈ ಪುಸ್ತಕದಲ್ಲಿ ಭೂತ ಮರಳಿ ಬರಬೇಕಾದರೂ ಮಗುವಿನ ಅಪ್ಪಣೆ ಬೇಕು.

ಹೆದರಿಸಿ ಬೆಳೆಸಿದ ಮಗು ನಾಳೆ ಯಾರೆದುರು ತಲೆಯೆತ್ತೀತು? ಮನೆಯ ಮಕ್ಕಳಿಗೆ ಇಂದೇ ಒಂದು ಗುಮ್ಮನ ಚಿತ್ರ ಬರೆದುಕೊಡಿ. ಅಳಿಸಲು ರಬ್ಬರನ್ನೂ ಕೊಡಿ!