ಗ್ರಹಣಕ್ಕೂ ಸೀಳಿಗೂ ಗಂಟು ಹಾಕುವವರಿಗೆ

ಅಪರೂಪದ ಮುಖಸೀಳಿನೊಂದಿಗೆ ಹುಟ್ಟಿದ ಮಗುವಿಗೆ ಆಪರೇಷನ್ ಬೇಡ ಎನ್ನುವವರು ಬೆಂಗಳೂರಿನ ನಮ್ಮ ಜೋಗುಪಾಳ್ಯದಲ್ಲೂ ಇದ್ದಾರೆ. ಅವರ ನಾಲ್ಕು ಮಾತುಗಳಿಗೆ ನನ್ನ ಉತ್ತರ ಇದು.

‘ಗ್ರಹಣದ ಹೊತ್ತಲ್ಲಿ ತಾಯಿ ಈಳಿಗೆಮಣೆ ಮುಟ್ಟಿದ್ದಳು.’

ತುಟಿ, ಕೆನ್ನೆ, ಮೂಗು ಕೂಡಿಕೊಳ್ಳುವುದು ಬಸಿರಿನ 4ರಿಂದ 8ನೇ ವಾರದೊಳಗೆ. ಎಷ್ಟೋ ಹೆಂಗಸರಿಗೆ ಆಗಿನ್ನೂ ಬಸಿರು ಖಾತ್ರಿಯೇ ಆಗಿರುವುದಿಲ್ಲ. ಎರಡನೇ ತಿಂಗಳಲ್ಲೇ ಕೂಡಿದ ಮುಖವನ್ನು ಏಳನೇ ತಿಂಗಳ ಗ್ರಹಣ ಹೇಗೆ ಸೀಳೀತು? ಕೆಲವು ಮಕ್ಕಳಲ್ಲಿ ಗರ್ಭದ ನೀರಿನ ಚೀಲ ಹರಿದು ಅದರ ಎಳೆ ಮುಖಕ್ಕೆ ಸುತ್ತಿಕೊಂಡಿರುತ್ತದೆ. ಹಲವರಲ್ಲಿ ಕಾರಣವೇ ಸಿಗುವುದಿಲ್ಲ. ಸಿಗದ ಕಾರಣವನ್ನು ಬಾಣಂತಿಯ ತಲೆಗೆ ಕಟ್ಟುವುದು ಅನ್ಯಾಯ.

‘ಇದು ಬರೀ ಅಂದದ ಆಪರೇಷನ್.’

ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಟೆಸಿಯೆ 1976ರಲ್ಲಿ ಕಣ್ಣುಗುಳಿಯನ್ನು ನಡುವಿಟ್ಟುಕೊಂಡು ಈ ಸೀಳುಗಳಿಗೆ 0ಯಿಂದ 14ರವರೆಗೆ ನಂಬರು ಕೊಟ್ಟರು. 4ನೇ ನಂಬರಿನದು ಮೇಲ್ದುಟಿಯಿಂದ ಕೆನ್ನೆ ಹಾದು ಕೆಳರೆಪ್ಪೆಗೆ ಏರುತ್ತದೆ. ರೆಪ್ಪೆ ಮುಚ್ಚದಿದ್ದರೆ ಕಾರ್ನಿಯಾ ಒಣಗಿ, ಹುಣ್ಣಾಗಿ, ದೃಷ್ಟಿಯೇ ಹೋದೀತು. 7ನೆಯದು ಬಾಯಿಯ ಮೂಲೆಯಿಂದ ಕಿವಿಯತ್ತ ಸಾಗುತ್ತದೆ. ಕುಡಿದ ಹಾಲು ಸೋರುತ್ತದೆ. ವೈದ್ಯರು ಚರ್ಮದ ಜೊತೆಗೆ ಒಳಗಿನ ಸ್ನಾಯುವನ್ನೂ ಜೋಡಿಸುತ್ತಾರೆ. ಗೆರೆ ಎಳೆದಂತೆ ನೇರವಾಗಿ ಹೊಲಿದರೆ ಗಾಯ ಮಾಯುತ್ತ ಕುಗ್ಗಿ ರೆಪ್ಪೆಯನ್ನು ಕೆಳಕ್ಕೆಳೆಯುತ್ತದೆಂದು ಅಂಕುಡೊಂಕಾಗಿ ಕೊಯ್ದು ಹೊಲಿಯುತ್ತಾರೆ. ಅಂದ ಈ ಕೆಲಸದ ಒಂದು ಭಾಗವಷ್ಟೆ.

‘ದೊಡ್ಡವನಾಗಲಿ, ಒಂದೇ ಸಲ ಮಾಡಿಸೋಣ.’

ಅರ್ಧ ಸರಿ. ಮೂಗು, ದವಡೆಗಳ ಕೊನೆಯ ತಿದ್ದುಪಡಿಗೆ ಬೆಳವಣಿಗೆ ಮುಗಿಯುವವರೆಗೂ ಕಾಯಬೇಕು. ಕಣ್ಣು ಮಾತ್ರ ಕಾಯುವುದಿಲ್ಲ. ಅದಕ್ಕೆ ಹುಟ್ಟಿದ ದಿನದಿಂದಲೇ ಮುಲಾಮು, ಅಪಾಯವಿದ್ದರೆ ಬೇಗನೆ ರೆಪ್ಪೆಯ ಶಸ್ತ್ರಚಿಕಿತ್ಸೆ ಬೇಕು. ತೂಕ, ರಕ್ತ ಸರಿಯಿದ್ದರೆ ಕೆಲವು ತಿಂಗಳಲ್ಲಿ ತುಟಿ. ಮೂಳೆಯ ಕೆಲಸ ಆಮೇಲೆ.

‘ಲಕ್ಷಕ್ಕೊಂದು ಮಗುವಿಗೆ ಸರ್ಕಾರದ ದುಡ್ಡೇಕೆ?’

ಲಕ್ಷ ಹೆರಿಗೆಗೆ ಸುಮಾರು 1.4ರಿಂದ 4.9 ಎಂಬುದು ಬಳಕೆಯಲ್ಲಿರುವ ಅಂದಾಜು. ಕರ್ನಾಟಕದಷ್ಟು ದೊಡ್ಡ ರಾಜ್ಯದಲ್ಲಿ ವರ್ಷಕ್ಕೆ ಹತ್ತಾರು ಮಕ್ಕಳು. ಇವರಿಗೆಂದೇ ಬೇರೆ ಆಸ್ಪತ್ರೆ ಕಟ್ಟಬೇಕಿಲ್ಲ. ಸುಮಾರು 700ರಲ್ಲಿ ಒಂದು ಮಗುವಿಗೆ ಬರುವ ಸೀಳುತುಟಿ, ಸೀಳು ಅಂಗುಳ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿವೆ. ಸೀಳುತುಟಿಗಿರುವ ಸರ್ಜನ್, ಅರಿವಳಿಕೆ ತಜ್ಞರು, ಮಾತಿನ ತರಬೇತಿ ಕೊಡುವವರೇ ಈ ಅಪರೂಪದ ಸೀಳಿಗೂ ಬೇಕು. ಜೊತೆಗೆ ಕಣ್ಣಿನ ವೈದ್ಯರು ಸೇರಬೇಕು. ಸೀಳುತುಟಿ ಕೇಂದ್ರವಿರುವ ವಸಂತನಗರದ ಭಗವಾನ್ ಮಹಾವೀರ ಜೈನ್ ಆಸ್ಪತ್ರೆ ಜೋಗುಪಾಳ್ಯದಿಂದ ಆಟೊ ದೂರದಲ್ಲಿದೆ. ಮೊದಲು ಮಗುವನ್ನು ತೋರಿಸಲಿ. ವಾದ ಮುಂದುವರಿಸಲು ನಾನು ಇಲ್ಲೇ ಇರುತ್ತೇನೆ.