ಜೈಯಾ ಆಡಿದ ಜಾಗ ನಮ್ಮೂರ ತಂಡದಲ್ಲಿ ಯಾಕಿಲ್ಲ?

ಈ ಸಲ ದೂರದ ಒಬ್ಬ ಫುಟ್‌ಬಾಲ್ ಆಟಗಾರ್ತಿಯ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಜೈಯಾ ಸೈಲುವಾ. ಊರು ಪೆಸಿಫಿಕ್ ಸಾಗರದ ನಡುವಿನ ಅಮೆರಿಕನ್ ಸಮೋವಾ. ಅದು ಅಮೆರಿಕದ ಆಡಳಿತದಲ್ಲಿರುವ ಪುಟ್ಟ ದ್ವೀಪ ಪ್ರದೇಶ. ಅಲ್ಲಿಯ ಒಟ್ಟು ಜನಸಂಖ್ಯೆ ನಮ್ಮ ಖಾನಾಪುರ ತಾಲೂಕಿನದಕ್ಕಿಂತ ಎಷ್ಟೋ ಕಡಿಮೆ.

ಜೈಯಾ ಹುಟ್ಟಿದ್ದು ಗಂಡಾಗಿ, ಬದುಕುತ್ತಿರುವುದು ಹೆಣ್ಣಾಗಿ. ಸಮೋವಾದಲ್ಲಿ ಇಂಥವರನ್ನು ‘ಫಾಫಫೀನೆ’ ಅನ್ನುತ್ತಾರೆ. ‘ಹೆಣ್ಣಿನ ರೀತಿಯವರು’ ಎಂದು ಅರ್ಥ. ಅಲ್ಲಿ ಅದು ಬೈಗುಳವಲ್ಲ. ಮನೆ, ಚರ್ಚು, ಊರಿನ ಕೆಲಸ ಎಲ್ಲದರಲ್ಲೂ ಅವರಿಗೆ ಪಾಲಿದೆ. ಜೈಯಾ ಹದಿಹರೆಯದಲ್ಲೇ ದೇಶದ ಪುರುಷರ ತಂಡಕ್ಕೆ ಆಯ್ಕೆಯಾದಳು. ಆಡಿದ ಜಾಗ ಡಿಫೆಂಡರ್, ಅಂದರೆ ಎದುರಾಳಿಯನ್ನು ಗೋಲಿನ ಮುಂದೆ ತಡೆಯುವವಳು.

ಆ ತಂಡದ ಕಥೆ ಏನು ಕೇಳುತ್ತೀರಿ! 2001ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾ ಎದುರು 31-0ರಿಂದ ಸೋತಿತ್ತು. ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಅಷ್ಟು ದೊಡ್ಡ ಸೋಲು ಇನ್ನೊಂದಿಲ್ಲ. ಆಮೇಲೂ ವರ್ಷಗಟ್ಟಲೆ ಸೋಲೇ. 2011ರಲ್ಲಿ ಥಾಮಸ್ ರಾಂಗನ್ ಎಂಬ ಕೋಚ್ ಬಂದರು. ಜೈಯಾಳ ಉಡುಗೆ ತೊಡುಗೆ ನೋಡದೆ ಆಟ ನೋಡಿದರು, ಟೋಂಗಾ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಮೊದಲ ಹನ್ನೊಂದರಲ್ಲೇ ಇಳಿಸಿದರು. ಆ ನವೆಂಬರ್‌ನಲ್ಲಿ ಅಮೆರಿಕನ್ ಸಮೋವಾ 2-1ರಿಂದ ಗೆದ್ದಿತು. ಫಿಫಾ ಲೆಕ್ಕದಲ್ಲಿ ಅದರ ಮೊಟ್ಟಮೊದಲ ಗೆಲುವು. ಕೊನೆಯ ನಿಮಿಷಗಳಲ್ಲಿ ಗೋಲ್‌ಕೀಪರ್‌ನನ್ನೂ ದಾಟಿದ್ದ ಚೆಂಡನ್ನು ಗೆರೆಯ ಬಳಿ ತಡೆದು ಹೊರಗಟ್ಟಿದ್ದು ಜೈಯಾ. ವಿಶ್ವಕಪ್ ಅರ್ಹತಾ ಪಂದ್ಯ ಆಡಿದ, ತಾನು ತೃತೀಯ ಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡ ಮೊದಲ ಆಟಗಾರ್ತಿ ಆಕೆ. ಈ ತಂಡದ ಬಗ್ಗೆ 2014ರಲ್ಲಿ ಸಾಕ್ಷ್ಯಚಿತ್ರ ಬಂತು, 2023ರಲ್ಲಿ ಸಿನಿಮಾನೂ ಬಂತು.

ಆದರೆ ಇದೇ ಜೈಯಾ ಓದಲಿಕ್ಕೆ ಹವಾಯಿಗೆ ಹೋದಾಗ ಅಲ್ಲಿಯ ಕಾಲೇಜು ತಂಡದ ಆಯ್ಕೆಗೆ ನಿಂತಿದ್ದಳು. ಆಟ ಪೂರ್ತಿ ನೋಡುವ ಮೊದಲೇ ವಾಪಸ್ ಕಳಿಸಿದರು. ಕಾಲು ಅವೇ, ಆಟ ಅದೇ. ನೋಡುವ ಕಣ್ಣು ಮಾತ್ರ ಬೇರೆ.

ಇದನ್ನು ಓದುವಾಗ ನನಗೆ ಶಾಲೆಯ ಗೆಳೆಯನೊಬ್ಬ ನೆನಪಾದ. ನಮ್ಮ ಕಬಡ್ಡಿ ತಂಡದಲ್ಲಿ ಅವನು ಹಿಡಿದರೆ ರೈಡರ್ ಬಿಡಿಸಿಕೊಂಡು ಹೋಗುವ ಮಾತೇ ಇರಲಿಲ್ಲ. ಆದರೆ ನಡಿಗೆ, ದನಿ ಹೆಣ್ಣಿನ ಹಾಗೆ ಅಂತ ದಿನಾ ಆಡಿಕೊಳ್ಳುತ್ತಿದ್ದರು. ಎಲ್ಲರ ಜೊತೆ ನಾನೂ ನಕ್ಕಿದ್ದೇನೆ. ಒಂಬತ್ತನೇ ತರಗತಿಗೆ ಅವನು ಬರಲೇ ಇಲ್ಲ. ಎಷ್ಟೋ ವರ್ಷದ ಮೇಲೆ ಸುದ್ದಿ ಮಾಡಲು ಸವದತ್ತಿ ಗುಡ್ಡಕ್ಕೆ ಹೋದಾಗ ಜೋಗಪ್ಪರ ಗುಂಪಿನಲ್ಲಿ ಆ ಮುಖ ಕಂಡಿತು. ಸೀರೆ, ಹಣೆ ತುಂಬ ಭಂಡಾರ. ನನ್ನ ಗುರುತು ಹಿಡಿದು ನಕ್ಕಳು. ನನಗೆ ಮಾತು ಹೊರಡಲಿಲ್ಲ.

ನಮ್ಮ ಜಿಲ್ಲೆಯ ವಿಚಿತ್ರ ನೋಡಿ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಜನ ಹೋಗುತ್ತೇವೆ. ಕೊಡ ಹೊತ್ತ ಜೋಗಪ್ಪ ಎದುರು ಬಂದರೆ ಕೈ ಮುಗಿಯುತ್ತೇವೆ, ಮಕ್ಕಳ ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತೇವೆ. ಮರುದಿನ ಅವರೇ ಬಾಡಿಗೆ ಮನೆ ಕೇಳಿದರೆ ಬಾಗಿಲು ಹಾಕುತ್ತೇವೆ. ಅಂಥ ಮಗು ನಮ್ಮ ಶಾಲೆಯಲ್ಲಿದ್ದರೆ ಮೈದಾನದಿಂದ ಓಡಿಸುತ್ತೇವೆ. ದೇವರ ಹೆಸರಲ್ಲಿ ಕೊಡುವ ಮರ್ಯಾದೆಯನ್ನು ಮನುಷ್ಯರ ಹೆಸರಲ್ಲಿ ಕೊಡುವುದಿಲ್ಲ.

ಕಾನೂನು ನಮಗಿಂತ ಮುಂದಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗಿಗಳನ್ನು ಮಾನ್ಯ ಮಾಡಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಶೇ 1 ಮೀಸಲಾತಿ ಕೊಟ್ಟಿತು. ಜೋಗತಿ ಮಂಜಮ್ಮ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಪದ್ಮಶ್ರೀ ಪಡೆದರು. ಆದರೆ ಎಂಟನೇ ತರಗತಿಗೇ ಶಾಲೆ ಬಿಟ್ಟವರು ಆ ಮೀಸಲಾತಿ ಹಿಡಿದು ಏನು ಮಾಡಬೇಕು?

‘ಗಂಡಸರ ತಂಡದಲ್ಲೋ, ಹೆಂಗಸರ ತಂಡದಲ್ಲೋ?’ ಅಂತ ಕೆಲವರು ಕೇಳಬಹುದು. ದೊಡ್ಡ ಸ್ಪರ್ಧೆಗಳಲ್ಲಿ ಅದು ಸುಲಭದ ಪ್ರಶ್ನೆಯಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಗಣಪತಿ ಹಬ್ಬದ, ಜಾತ್ರೆಯ ಟೂರ್ನಮೆಂಟಿಗೆ ಅಷ್ಟು ತಲೆಬಿಸಿ ಬೇಕಿಲ್ಲ. ಜೈಯಾ ಆಡಿದ್ದು ಪುರುಷರ ತಂಡದಲ್ಲೇ. ಅವಳಿಗೆ ಬೇಕಾಗಿದ್ದದ್ದು ರಿಯಾಯಿತಿಯಲ್ಲ, ಆಟ ನೋಡಿ ಆರಿಸುವ ಒಬ್ಬ ಕೋಚ್.

ಮುಂದಿನ ಟೂರ್ನಮೆಂಟಿಗೆ ತಂಡ ಕಟ್ಟುವ ಹುಡುಗರಿಗೆ, ಪಿಟಿ ಮೇಷ್ಟ್ರಿಗೆ ನನ್ನದು ಒಂದೇ ವಿನಂತಿ. ನಿಮ್ಮ ಊರಲ್ಲೂ ಬೇಲಿ ಹಿಂದೆ ನಿಂತು ಆಟ ನೋಡುವ ಅಂಥ ಮಗು ಇರಬಹುದು. ಕರೆದು ಆಡಿಸಿ ನೋಡಿ. ಯಾರಾದರೂ ಆಡಿಕೊಂಡರೆ, ನಾನು ಅವತ್ತು ನಕ್ಕ ಹಾಗೆ ನೀವು ನಗಬೇಡಿ.