ಹಳೆಯ ವಾಹನಕ್ಕೂ ಬೇಕು ಆರೈಕೆ

ನಾಸಿಕದ ಪಂಚವಟಿಯ ಕೃಷಿ ಮಾರುಕಟ್ಟೆಯಿಂದ ತರಕಾರಿ ಹೊತ್ತು ಮುಂಬಯಿಗೆ ಹೊರಡುವ ಪಿಕಪ್ ವಾಹನಗಳಲ್ಲಿ ಲಕ್ಷಕ್ಕೂ ಮಿಕ್ಕಿ ಕಿಲೋಮೀಟರು ಓಡಿದವು ಅನೇಕ. ವಯಸ್ಸಾದ ಮಾತ್ರಕ್ಕೆ ಅವನ್ನು ಗುಜರಿಗೆ ಹಾಕಬೇಕಾಗಿಲ್ಲ.

ದೇಹಕ್ಕೆ ರಕ್ತವಿದ್ದಂತೆ ಎಂಜಿನ್ನಿಗೆ ಆಯಿಲ್. ಕಾಲಕಾಲಕ್ಕೆ ಆಯಿಲ್ ಮತ್ತು ಫಿಲ್ಟರುಗಳನ್ನು ಬದಲಿಸಿ, ಕೂಲಂಟ್ ಇಳಿಯದಂತೆ ನೋಡಿಕೊಂಡರೆ ಹಳೆಯ ಡೀಸೆಲ್ ಎಂಜಿನ್ ಬಹುಕಾಲ ದುಡಿದೀತು. ಆದರೆ ಇಗತಪುರಿ ದಾಟಿ ಕಸಾರಾ ಘಾಟಿನ ಇಳಿಜಾರಿಗೆ ಬಂದಾಗ ನಿಜವಾದ ಪರೀಕ್ಷೆ ಬ್ರೇಕಿಗೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದಾಗ ಕಡಿಮೆ ಶಾಖಕ್ಕೇ ಕುದಿದು ಆವಿಯಾಗುತ್ತದೆ. ಆಗ ಪೆಡಲು ಒತ್ತಿದರೂ ಹಿಡಿತ ಸಿಕ್ಕದು. ಆದುದರಿಂದ ಸುಮಾರು 2 ವರ್ಷಕ್ಕೊಮ್ಮೆ ಅದನ್ನು ಬದಲಿಸುವುದೂ, ಘಾಟಿಯನ್ನು ಕೆಳಗಿನ ಗೇರಿನಲ್ಲಿ ಇಳಿಯುವುದೂ ಅವಶ್ಯ.

8 ವರ್ಷ ಮೀರಿದ ಸರಕು ವಾಹನಕ್ಕೆ ಪ್ರತಿವರ್ಷವೂ ಅರ್ಹತಾ ಪತ್ರ, ಅಂದರೆ ಎಫ್.ಸಿ., ಪಡೆಯುವುದನ್ನು ಕಾನೂನು ಕಡ್ಡಾಯಗೊಳಿಸಿದೆ. ಆದರೆ ಆ ಪರೀಕ್ಷೆ ಒಂದೇ ದಿನದ್ದು. ಮಿಕ್ಕ 364 ದಿನಗಳ ಹೊಣೆ ಒಡೆಯನದು. ಆಯುಧಪೂಜೆಗೆ ಬಣ್ಣ ಬಳಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಕೈಮುಗಿಯುವ ಕನ್ನಡಿಗರು ಬಣ್ಣದ ವೆಚ್ಚಕ್ಕೆ ಮೊದಲು ಬ್ರೇಕು, ಟೈರುಗಳನ್ನು ಮೆಕ್ಯಾನಿಕ್‌ಗೆ ತೋರಿಸುವುದು ಲೇಸು. ಚಾಲಕನ ಜೀವವೂ ಎದುರಿನಿಂದ ಬರುವವರ ಜೀವವೂ ಅವನ್ನೇ ನಂಬಿವೆ.